ಚಟಚಟದಲ್ಲಿ ಗೀರು ಯಾವುದು, ಡ್ರಮ್ಮಿನ ಕಡ್ಡಿ ಯಾವುದು?

ಎಪ್ಪತ್ತರ ದಶಕದ ಫ್ರೀ ಜಾಝ್ (ಕಟ್ಟುಪಾಡಿಲ್ಲದೆ ಆ ಕ್ಷಣಕ್ಕೆ ಹೊಳೆದಂತೆ ನುಡಿಸುವ ಜಾಝ್) ಎಲ್‌ಪಿ ತಟ್ಟೆ. ಮಾಸ್ಟರ್ ಟೇಪ್, ಅಂದರೆ ಮೂಲ ಧ್ವನಿಮುದ್ರಣದ ಟೇಪ್ ಇಲ್ಲ, ಕೈಗೆ ಸಿಕ್ಕಿದ್ದು ಸವೆದ ಒಂದೇ ಪ್ರತಿ. ಅದನ್ನು ಡಿಜಿಟಲ್‌ಗೆ ಇಳಿಸಿದ ಬಗೆ ಇದು.

ತೊಳೆಯಲು ನಾಲ್ಕು ಪಾಲು ಡಿಸ್ಟಿಲ್ಡ್ ವಾಟರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದೆ. ಬ್ರಷ್ ಗೆರೆಗುಂಟ ಸುತ್ತಬೇಕು, ಅಡ್ಡ ಎಳೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಇಲ್ಲದಿದ್ದರೆ ಬಿಟ್ಟುಕೊಂಡ ಕೊಳೆ ಅಲ್ಲೇ ಒಣಗಿ ಮತ್ತೆ ಚಟಗುಟ್ಟುತ್ತದೆ. (ನಿಮಿಷಕ್ಕೆ 78 ಸುತ್ತು ಓಡುವ ಹಳೆಯ ಅರಗಿನ ತಟ್ಟೆಗೆ ಇದನ್ನು ತಾಗಿಸಲೇಬೇಡಿ, ಆಲ್ಕೊಹಾಲಿಗೆ ಅರಗು ಕರಗುತ್ತದೆ.)

ಗುಂಡು ತುದಿಯ ಮುಳ್ಳು ಹಳಬರು ಸವೆಸಿದ ಜಾಗದಲ್ಲೇ ಓಡುತ್ತದೆ. ತೆಳು ಅಂಚಿನ ಮೈಕ್ರೊಲೈನ್ ಮುಳ್ಳು ಹಾಕಿದಾಗ ಗೆರೆಯ ಗೋಡೆಯ ಬೇರೆ ಭಾಗ ಸಿಕ್ಕಿ, ಸ್ಯಾಕ್ಸೊಫೋನಿನ ಒಡಕು ಅರ್ಧಕ್ಕರ್ಧ ಇಳಿಯಿತು. ಪೂರ್ತಿ ಹೋಗಲಿಲ್ಲ. ಈ ಸಂಗೀತ ಬದಿಯ ಕೊನೆಗೇ ಕಾವೇರುತ್ತದೆ; ತಟ್ಟೆಯ ನಡುವಿನ ಕಡೆಗೆ ಗೆರೆ ಮುಳ್ಳಿನಡಿ ಹಾಯುವ ವೇಗ ಶುರುವಿನ ಅರ್ಧಕ್ಕಿಂತಲೂ ಕಡಿಮೆ. ಅತಿ ಜೋರಿನ ಸದ್ದಿಗೆ ಅತಿ ಕಡಿಮೆ ಜಾಗ.

ರೆಕಾರ್ಡಿಂಗ್ 24 ಬಿಟ್, 96 ಕಿಲೊಹರ್ಟ್ಸ್. ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ದಾಟದಂತೆ (ಡಿಜಿಟಲ್‌ನಲ್ಲಿ ಮೇಲಿನ ಮಿತಿ ಸೊನ್ನೆ). ಶುರುವಿನ ಪಿಸುದನಿ ನೋಡಿ ಲೆವೆಲ್ ಇಟ್ಟರೆ ಕೊನೆಯಲ್ಲಿ ಕ್ಲಿಪ್ ಆಗುವುದು, ಅಂದರೆ ಮಿತಿ ಮೀರಿದ ಅಲೆಯ ತುದಿ ಕತ್ತರಿಸಿಹೋಗುವುದು ಖಂಡಿತ.

ನಿಜವಾದ ತಲೆನೋವು ಡಿಕ್ಲಿಕ್, ಅಂದರೆ ಗೀರಿನ ಚಟಚಟ ತೆಗೆಯುವುದು. ಸಾಫ್ಟ್‌ವೇರ್‌ನ ಆಟೊ ಡಿಕ್ಲಿಕ್ ಹಾಕಿದರೆ ಸ್ನೇರ್ ಡ್ರಮ್ಮಿನ ಅಂಚಿನ ಪೆಟ್ಟು, ಸ್ಯಾಕ್ಸಿನ ಕೀಲಿಗಳ ಟಪಟಪ ಎಲ್ಲ ಗೀರೆಂದು ಅಳಿಸಿಹೋಗುತ್ತದೆ. ಸ್ವರಲಿಪಿಯೂ ಇಲ್ಲ, ತಾಳೆ ನೋಡುವುದು ಯಾವುದರ ಜೊತೆ? ಗಡಿಯಾರದ ಜೊತೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಓಡುತ್ತದೆ, ಒಂದು ಸುತ್ತಿಗೆ 1.8 ಸೆಕೆಂಡ್. ಸದ್ದು ಕರಾರುವಾಕ್ಕಾಗಿ 1.8 ಸೆಕೆಂಡಿಗೊಮ್ಮೆ ಮರಳಿದರೆ ಗೀರು. ಹಿಂದೆಮುಂದೆ ಆದರೆ ಬಹುಪಾಲು ಡ್ರಮ್ಮರ್. ಒಂಟಿ ಚಟ್ ಸದ್ದಿಗೆ ಇದು ನಡೆಯದು. ಅಲ್ಲಿ ಅಲೆಯನ್ನು ಹಿಗ್ಗಿಸಿ ನೋಡಿದೆ: ಗೀರು ಚೂಪಾಗಿ ಎದ್ದು ಥಟ್ಟನೆ ಸಾಯುತ್ತದೆ, ಕಡ್ಡಿಯ ಪೆಟ್ಟಿಗೆ ಅನುರಣನದ ಬಾಲವಿರುತ್ತದೆ. ಆಗಲೂ ಅನುಮಾನ ಉಳಿದದ್ದನ್ನು ಮುಟ್ಟದೆ ಬಿಟ್ಟೆ.

ಉದ್ದ ಸ್ವರವೂ ಅದೇ 1.8 ಸೆಕೆಂಡಿಗೆ ತೂಗಾಡಿದರೆ ವಾದಕರ ಕಂಪನವೆಂದು ಮೆಚ್ಚಿಕೊಳ್ಳಬೇಡಿ, ತಟ್ಟೆಯ ತೂತು ನಡುವಿನಲ್ಲಿಲ್ಲ.

ತಟ್ಟೆ ಸುತ್ತುವ ವೇಗ ನೋಡುವ ಸ್ಟ್ರೋಬ್ ದೀಪ ಸರಿ ತೋರಿಸಿದರೂ ಶ್ರುತಿ ಬೇರೆಯಾಗಿ ನೋಡಬೇಕು. ಧ್ವನಿಮುದ್ರಣದ ವೇಳೆ ಟೇಪ್ ಯಂತ್ರ ನಿಧಾನವಾಗಿ ಓಡಿದ್ದರಿಂದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ನ ಮೊದಲ ಬದಿ 1992ರವರೆಗೂ ತುಸು ಏರಿದ ಶ್ರುತಿಯಲ್ಲೇ ಮಾರಾಟವಾಯಿತು. ನನ್ನ ಈ ಎಲ್‌ಪಿಯಲ್ಲಿ ಶ್ರುತಿ ತಾಳೆ ನೋಡಲು ಪಿಯಾನೊ ಇರಲಿಲ್ಲ. ಟೆನರ್ ಸ್ಯಾಕ್ಸಿನ ಅತಿ ಕೆಳಗಿನ ಸ್ವರ ಸುಮಾರು 104 ಹರ್ಟ್ಸ್. ಅದನ್ನೇ ಆಧಾರ ಮಾಡಿಕೊಂಡೆ.

ಮುಟ್ಟದ ಮೂಲ ಫೈಲನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇನೆ.