ಬಣ್ಣ ಹಾಕದ ಗೊಂಬೆ ಕಳಿಸಿದ ಮೇಲೆ ಜಪಾನಿನಿಂದ ಪ್ರಶ್ನೆ ಬಂತು

ಚನ್ನಪಟ್ಟಣ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಜಪಾನಿನ ಮಿಯಾಗಿ ಪ್ರಾಂತ್ಯದ ಒಂದು ಶಾಲೆಯ ಜೊತೆ ನಮ್ಮ ಮಕ್ಕಳು ಗೊಂಬೆ ವಿನಿಮಯ ಮಾಡುತ್ತಿದ್ದಾರೆ. ಶುರು ಮಾಡುವಾಗ ಸ್ಟಾಫ್ ರೂಮಿನಲ್ಲಿ ಕೇಳಿದ ಮೊದಲ ಮಾತು: "ಸಾರ್, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಿದ್ದರೆ ನೋಟಿಸ್‌ಗೆ ಉತ್ತರ ಜಪಾನಿನವರು ಬಂದು ಬರೀತಾರಾ?" ಈಗ ಹಾಗೆ ಕೇಳಿದ ಮೇಷ್ಟ್ರೇ ತಮ್ಮ ಕ್ಲಾಸಿಗೂ ಒಂದು ಶಾಲೆ ಹುಡುಕಿಕೊಡಿ ಅಂತ ಬೆನ್ನು ಹತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆ ಹುಡುಕುವುದು, ಪೋಷಕರ ಒಪ್ಪಿಗೆ ಪತ್ರ ಇವೆಲ್ಲ ಮೇಷ್ಟ್ರಾದ ನಿಮಗೆ ಗೊತ್ತಿರೋದೇ, ಬಿಡಿ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ದಸರಾ, ಯಕ್ಷಗಾನ, ಹಂಪಿ ಎಲ್ಲ ತುಂಬಿದ ಉದ್ದನೆಯ ಪಿಪಿಟಿ. ಆ ಕಡೆಯಿಂದ ಫುಜಿ ಪರ್ವತ, ಕಿಮೋನೊ, ಸುಶಿ. ಎರಡೂ ಕಡೆ ಚಪ್ಪಾಳೆ, ಅಲ್ಲಿಗೆ ಮುಗೀತು. ಒಂದೇ ಒಂದು ಪ್ರಶ್ನೆ ಬರಲಿಲ್ಲ. ಯಾಕೆ ಬರಬೇಕು? ನಮ್ಮ ಹುಡುಗರಲ್ಲೇ ಯಕ್ಷಗಾನ ಕಣ್ಣಾರೆ ನೋಡಿದವರು ಯಾರೂ ಇರಲಿಲ್ಲ.

ವಿಡಿಯೋ ಕಾಲ್ ಇನ್ನೊಂದು ಗೋಳು. ಅವರು ನಮಗಿಂತ ಮೂರೂವರೆ ಗಂಟೆ ಮುಂದೆ. ನಮ್ಮ ಪ್ರಾರ್ಥನೆ ಮುಗಿಯೋ ಹತ್ತು ಗಂಟೆಗೆ ಅಲ್ಲಿ ಒಂದೂವರೆ. ಹಾಜರಿ ಹಾಕಿ, ಪ್ರೊಜೆಕ್ಟರ್ ಹಚ್ಚಿ, ಕರೆಂಟು ಬರಲಿ ಅಂತ ಕಾದು ಕೂರುವಷ್ಟರಲ್ಲಿ ಅವರ ಕೊನೆಯ ಪೀರಿಯಡ್ಡೂ ಮುಗಿದಿರುತ್ತೆ. ಸಾಲದ್ದಕ್ಕೆ ಅವರ ಶಾಲೆ ವರ್ಷ ಏಪ್ರಿಲ್‌ನಲ್ಲಿ ಶುರು, ಆಗ ನಮಗೆ ಬೇಸಿಗೆ ರಜೆ. ಜುಲೈ ಕೊನೆಗೆ ನಮ್ಮಲ್ಲಿ ಕೆಲಸಕ್ಕೆ ಕಾವು ಬರೋ ಹೊತ್ತಿಗೆ ಅವರಿಗೆ ರಜೆ. ಲೆಕ್ಕ ಹಾಕಿದರೆ ಕೈಗೆ ಸಿಗೋದು ಜೂನ್‌ನಿಂದ ಜುಲೈ ನಡುವಿನವರೆಗೆ, ಆಮೇಲೆ ಸೆಪ್ಟೆಂಬರ್‌ನಿಂದ ನವೆಂಬರ್. ಕಾಲ್ ಕೈಬಿಟ್ಟೆ.

ಆಗ ಹೊಳೆದದ್ದು, ಮುಗಿದ ಗೊಂಬೆ ಕಳಿಸೋದು ಬೇಡ, ಅರ್ಧಕ್ಕೆ ನಿಲ್ಲಿಸಿದ್ದನ್ನು ಕಳಿಸೋಣ ಅಂತ. ಮಿಯಾಗಿಯ ನರುಕೊ ಎಂಬಲ್ಲಿ ಕೊಕೆಶಿ ಅನ್ನೋ ಮರದ ಗೊಂಬೆ ಮಾಡುತ್ತಾರೆ. ಅದನ್ನೂ ನಮ್ಮ ಗೊಂಬೆ ಹಾಗೆ ಲೇತ್‌ನಲ್ಲೇ ಕಡೆಯೋದು, ಕೈಕಾಲು ಇರೋದಿಲ್ಲ. ಅವರು ಬಣ್ಣ ಹಾಕದ ಕೊಕೆಶಿ ಕಳಿಸಬೇಕು, ನಾವು ಅರಗು ಹಚ್ಚದ ಆಲೆ ಮರದ ಗೊಂಬೆ. ಬಣ್ಣ ಎದುರಿನವರ ಕೆಲಸ. "ಬಣ್ಣ ಇಲ್ಲದ ಗೊಂಬೆ ಕಳಿಸಿದರೆ ಊರಿನ ಮಾನ ಹೋಗುತ್ತೆ ಮೇಷ್ಟ್ರೇ" ಅಂದರು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿ) ಹಿರಿಯರೊಬ್ಬರು. ನಾನು ಬಗ್ಗಲಿಲ್ಲ.

ಗೊಂಬೆಗಿಂತ ಮುಂಚೆ ಮಕ್ಕಳನ್ನು ಲೇತ್ ಮುಂದೆ ಕೂರಿಸಿದೆ. ಅರ್ಧ ಜನರ ಮನೆ ಕಸುಬೇ ಇದು, ಆದರೂ ಯಾರೂ ನಿಂತು ನೋಡಿದವರಲ್ಲ. ತಿರುಗುತ್ತಿರೋ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತೆ. ಮೊದಲು ಮಬ್ಬಾಗಿ, ಗಂಟು ಗಂಟಾಗಿ ಕೂರುತ್ತೆ. ಆಮೇಲೆ ತಾಳೆಗರಿ ಹಿಡಿದು ಒತ್ತುತ್ತಾರೆ ನೋಡಿ, ಗರಿ ಓಡಿದಲ್ಲೆಲ್ಲ ಹೊಳಪು ಬರುತ್ತೆ. ಇದನ್ನೇ ಎರಡು ನಿಮಿಷ ವಿಡಿಯೋ ಮಾಡಿ, ಮಾತೇ ಇಲ್ಲದೆ, ಲೇತ್ ಸದ್ದಿನ ಜೊತೆ ಕಳಿಸಿದೆವು.

ಈಗ ದುಡ್ಡಿನ ವಿಷಯ. ಗೊಂಬೆ ಒಂದಕ್ಕೆ ಇಪ್ಪತ್ತೈದು ರೂಪಾಯಿ ಆಸುಪಾಸು, ಐವತ್ತು ಅರವತ್ತು ಗೊಂಬೆ. ಕೊರಿಯರ್‌ನವರು ಎಂಟು ಸಾವಿರ ಅಂದರು, ಅಂಚೆಯಲ್ಲಿ ಮೂರರೊಳಗೆ ಹೋಯಿತು. ಪೆಟ್ಟು ಬಿದ್ದದ್ದು ಬರುವ ಪಾರ್ಸೆಲ್‌ನಲ್ಲಿ. ಮೊದಲೆಲ್ಲ ಐದು ಸಾವಿರದವರೆಗಿನ ಗಿಫ್ಟ್‌ಗೆ ಸುಂಕ ಇರಲಿಲ್ಲ, 2019ರ ಕೊನೆಗೆ ಅದನ್ನು ತೆಗೆದರು. ಶಾಲೆ ಮಕ್ಕಳ ಗೊಂಬೆ ಅಂತ ಎಷ್ಟು ಗೋಗರೆದರೂ ಸಾವಿರದ ಚಿಲ್ಲರೆ ಕಟ್ಟಿಯೇ ಬಿಡಿಸಿಕೊಂಡೆವು. ಶಾಲೆಯ ಅನುದಾನದಲ್ಲಿ ಇದಕ್ಕೆಲ್ಲ ಅವಕಾಶವೇ ಇಲ್ಲ. ಹಳೇ ವಿದ್ಯಾರ್ಥಿಗಳು ಕೊಟ್ಟರು, ಉಳಿದದ್ದು ನನ್ನ ಜೇಬು. ಪಾರ್ಸೆಲ್‌ನ ಕಸ್ಟಮ್ಸ್ ಡಿಕ್ಲರೇಷನ್ ಫಾರಂನಲ್ಲಿ ಏನು ಬರೆದರೆ ಸಲೀಸು ಅಂತ ಈಗ ನನಗೆ ಗೊತ್ತು, ಎದುರು ಸಿಕ್ಕಾಗ ಹೇಳುತ್ತೇನೆ.

ಬಂದ ಕೊಕೆಶಿಯ ಬರೀ ಮರಕ್ಕೆ ವಾಟರ್ ಕಲರ್ ಹಾಕಿದರೆ ಎಳೆ ಹಿಡಿದು ಹರಡುತ್ತೆ. ಕಣ್ಣು ಬರೆದರೆ ಅತ್ತ ಹಾಗೆ ಕಾಣುತ್ತಿತ್ತು. ಸುಮಾರು ಗೊಂಬೆ ಹಾಳಾದವು. ಅಡುಗೆಮನೆಯಲ್ಲೇ ಸಿಗೋ ಒಂದನ್ನು ತೆಳ್ಳಗೆ ಬಳಿದು ಒಣಗಿಸಿದ ಮೇಲೆ ಬಣ್ಣ ಹರಡದೆ ನಿಂತಿತು. ಅದೇನು ಅಂತ ಹೇಳಲ್ಲ, ನೀವೂ ನಾಲ್ಕು ಗೊಂಬೆ ಕೆಡಿಸಿ. ನಡುವೆ ಅರಿಶಿನದಿಂದ ಬಣ್ಣ ಮಾಡೋ ಹುಚ್ಚೂ ಹತ್ತಿತ್ತು. ಅರಗಿನಲ್ಲಿ ಚೆನ್ನಾಗಿ ಬರುವ ಹಳದಿ, ನೀರಿನಲ್ಲಿ ಕಲಸಿ ಹಚ್ಚಿದರೆ ಬಿಸಿಲಿಗೆ ಮಂಕಾಗಿಬಿಡುತ್ತೆ.

ಒಬ್ಬ ಹುಡುಗ ಕೊಕೆಶಿಗೆ ಮೀಸೆ, ಚೌಕಳಿ ಲುಂಗಿ ಬರೆದ. ಲೇತ್ ಮುಂದೆ ಕೂರೋ ಅವರಪ್ಪ ಅಂತೆ. ಫೋಟೊ ಹೋದ ವಾರದೊಳಗೆ ಅಲ್ಲಿಂದ ಪತ್ರ. ಗಂಡಸು ಸ್ಕರ್ಟ್ ಹಾಕ್ತಾರಾ, ಅಪ್ಪ ಕಾಲಿನಿಂದಲೂ ಕೆಲಸ ಮಾಡ್ತಾರಾ, ಹೀಗೇ ಪುಟ ತುಂಬ. ನಮ್ಮವರು ನರುಕೊ ಗೊಂಬೆಯ ತಲೆ ತಿರುಗಿಸಿದರೆ ಕೀಚ್ ಅನ್ನೋದು ಹೇಗೆ ಅಂತ ಕೇಳಿದರು. ಬಾವಾಸ್ ಮಿಯಾ ಎಂಬುವರು ಜಪಾನಿನ ವಿಧಾನವನ್ನು ನಮ್ಮ ಕಸುಬಿಗೆ ತಂದರು ಅಂತ ಊರಲ್ಲಿ ಹೇಳುತ್ತಾರಲ್ಲ, ಅದನ್ನು ಮಕ್ಕಳೇ ಬರೆದು ಕಳಿಸಿದರು. ಆ ಕಡೆಯ ಟೀಚರಿಗೂ ಅದು ಹೊಸದು. ರಿಸಲ್ಟೂ ಬೀಳಲಿಲ್ಲ, ಇಂಗ್ಲಿಷ್‌ನಲ್ಲಿ ಪತ್ರ ಬರೆಯೋ ಪ್ರಶ್ನೆಗೆ ಈಗ ಯಾರೂ ಹೆದರೋದಿಲ್ಲ.

ಕೊಕೆಶಿ ಮಾಡುವವರು ಬುಗುರಿಯನ್ನೂ ಕಡೆಯುತ್ತಾರೆ. ಹಾಗಾಗಿ ಮುಂದಿನ ಜೂನ್‌ಗೆ ಬುಗುರಿ ಅಂತ ಹುಡುಗರು ಹಠ ಹಿಡಿದಿದ್ದಾರೆ. ನಮ್ಮ ಬುಗುರಿಗೆ ಮೊಳೆ ಇರುತ್ತಲ್ಲ, ಪಾರ್ಸೆಲ್‌ನಲ್ಲಿ ಬಿಡ್ತಾರೋ ಇಲ್ವೋ ಅಂತ ಅಂಚೆ ಕಚೇರಿಯಲ್ಲಿ ವಿಚಾರಿಸುತ್ತಿದ್ದೇನೆ.