ಅಡಿಕೆ ದಬ್ಬೆ, 13 ಸುತ್ತು ವೈರು: ಮೀಡಿಯಂ ವೇವ್‌ಗೆ ನಾನು ಕಟ್ಟಿದ ಲೂಪ್

ಹೊಸನಗರದ ಕಡೆ ಗುಡ್ಡದ ಸಂದಿನ ಮನೆಗಳಲ್ಲಿ ಹಗಲಲ್ಲಿ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಹಿಡಿದರೂ ಗೊರಗೊರ ಹೆಚ್ಚು. ಧಾರವಾಡದ 765 ಇನ್ನೂ ಕ್ಷೀಣ. ಇದಕ್ಕೆ ತೆಂಗಿನ ಮರದಿಂದ ಮರಕ್ಕೆ ಉದ್ದ ತಂತಿ ಎಳೆಯುವವರಿದ್ದಾರೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಆ ತಂತಿ ಸಿಡಿಲಿಗೆ ಮನೆಯೊಳಗೆ ದಾರಿ ಮಾಡಿಕೊಡುತ್ತದೆ. ಮನೆಯ ವಿದ್ಯುತ್ ಉಪಕರಣಗಳ ಸದ್ದನ್ನೂ ಅದು ನಿಲಯದ ಜೊತೆಗೇ ಎಳೆದು ತರುತ್ತದೆ. ಒಳಗೇ ಇಡುವ ಲೂಪ್, ಎಂದರೆ ಚೌಕಟ್ಟಿಗೆ ವೈರು ಸುತ್ತಿದ ಆಂಟೆನಾ, ಸಾಕು.

ಚೌಕಟ್ಟಿಗೆ 85 ಸೆಂಟಿಮೀಟರಿನ ಎರಡು ಅಡಿಕೆ ದಬ್ಬೆಗಳನ್ನು ಗುಣಾಕಾರ ಚಿಹ್ನೆಯಂತೆ ಜೋಡಿಸಿದೆ. ಆಗ ಸುತ್ತಿನ ಒಂದೊಂದು ಬದಿ 60 ಸೆಂಟಿಮೀಟರ್ ಬರುತ್ತದೆ. ನಾಲ್ಕು ತುದಿಗೂ 10 ಸೆಂಟಿಮೀಟರ್ ಅಗಲದ ಅಡ್ಡಪಟ್ಟಿ, ಅದರಲ್ಲಿ 6 ಮಿಲಿಮೀಟರಿಗೊಂದರಂತೆ 13 ಕಚ್ಚು. ದಬ್ಬೆ ಅಟ್ಟದ ಮೇಲೆ ಚೆನ್ನಾಗಿ ಒಣಗಿರಬೇಕು, ಮೇಲೆ ಎರಡು ಕೋಟು ವಾರ್ನಿಷ್ ಬೇಕು. ಮಳೆಗಾಲದಲ್ಲಿ ನೀರು ಹೀರಿದ ಮರ ಸಿಗ್ನಲ್ಲನ್ನೇ ತಿನ್ನುತ್ತದೆ, ಟ್ಯೂನಿಂಗ್ ಮಂಕಾಗುತ್ತದೆ.

ವೈರು 31 ಮೀಟರ್ ಹಿಡಿಯುತ್ತದೆ, 35 ತನ್ನಿ. ಎನಾಮಲ್ ತಂತಿ ಬೇಡ. ಕಚ್ಚಿನಲ್ಲಿ ಲೇಪ ಕೆರೆದು ತೇವ ಕೂತರೆ ಸುತ್ತುಗಳ ನಡುವೆ ಸೋರಿಕೆ ಶುರುವಾಗುತ್ತದೆ. ಪಿವಿಸಿ ಹೊದಿಕೆಯ ಸಾದಾ ವೈರೇ ಒಳ್ಳೆಯದು. ಒಂದೇ ದಿಕ್ಕಿನಲ್ಲಿ, ಒಂದರ ಮೇಲೊಂದು ಹತ್ತದಂತೆ, ಬಿಗಿಯಾಗಿ ಸುತ್ತಿ. ಹೀಗೆ ಸುತ್ತಿದರೆ ಸುಮಾರು 220 ಮೈಕ್ರೋಹೆನ್ರಿ ಇಂಡಕ್ಟನ್ಸ್ (ಟ್ಯೂನಿಂಗಿಗೆ ಬೇಕಾದ ಸುರುಳಿಯ ಗುಣದ ಅಳತೆ) ಬರುತ್ತದೆ. ಎರಡೂ ತುದಿಗಳನ್ನು ಗ್ಯಾಂಗ್ ಕಂಡೆನ್ಸರಿಗೆ (ತಿರುಗಿಸಿ ಟ್ಯೂನ್ ಮಾಡುವ ಕಂಡೆನ್ಸರ್) ಬೆಸೆಯಿರಿ, ಒಂದು ತಿರುಗುವ ತಗಡಿಗೆ, ಇನ್ನೊಂದು ನಿಂತ ತಗಡಿಗೆ. ಹಳೇ ವಾಲ್ವ್ ರೇಡಿಯೋದ ಲೋಹದ ಗ್ಯಾಂಗಿನ ಒಂದು ಭಾಗವೇ ಸಾಕು. ಸಣ್ಣ ಟ್ರಾನ್ಸಿಸ್ಟರಿನ ಪ್ಲಾಸ್ಟಿಕ್ ಗ್ಯಾಂಗಿನ ಒಂದೇ ಭಾಗ ಹಾಕಿದರೆ ಬೆಂಗಳೂರಿನ 612ರವರೆಗೆ ಇಳಿಯದೇ ಹೋಗಬಹುದು. ಲೆಕ್ಕದಲ್ಲಿ 612ಕ್ಕೆ 305, 675ಕ್ಕೆ 250, 765ಕ್ಕೆ 195 ಪೈಕೋಫ್ಯಾರಡ್ ಕೆಪಾಸಿಟಿ ಬೇಕು. ಸುತ್ತುಗಳದ್ದೇ ಕೆಪಾಸಿಟಿ ಸ್ವಲ್ಪ ಇರುವುದರಿಂದ ಗ್ಯಾಂಗ್ ಅದಕ್ಕಿಂತ ಕಡಿಮೆಯಲ್ಲೇ ನಿಲ್ಲುತ್ತದೆ. ಗುಂಡಿ ಪ್ಲಾಸ್ಟಿಕ್ಕಿನದೇ ಆಗಿರಲಿ. ಲೋಹದ ದಂಡವನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಕೈ ತೆಗೆದೊಡನೆ ಟ್ಯೂನಿಂಗ್ ಜಾರುತ್ತದೆ.

ರೇಡಿಯೋಗೆ ಯಾವ ವೈರನ್ನೂ ಜೋಡಿಸುವುದಿಲ್ಲ. ಲೂಪಿನ ಪಕ್ಕ ಒಂದು ಗೇಣು ದೂರದಲ್ಲಿಟ್ಟು, ರೇಡಿಯೋ ಒಳಗಿನ ಫೆರೈಟ್ ಕಡ್ಡಿ (ಅದರದ್ದೇ ಆಂಟೆನಾ) ಚೌಕಟ್ಟನ್ನು ಚುಚ್ಚುವ ದಿಕ್ಕಿಗೆ ಬರುವಂತೆ ತಿರುಗಿಸುತ್ತೇನೆ. ಕಡ್ಡಿ ಚೌಕಟ್ಟಿಗೆ ಸಮಾನಾಂತರವಾದರೆ ಲೂಪ್ ಇದ್ದೂ ಇಲ್ಲದಂತೆ. ಮೊದಲು ರೇಡಿಯೋದಲ್ಲಿ ನಿಲಯ ಹಿಡಿದು, ಆಮೇಲೆ ಗ್ಯಾಂಗನ್ನು ತೀರಾ ನಿಧಾನ ತಿರುಗಿಸಿ. ಧ್ವನಿ ಎದ್ದು ಬರುವ ಜಾಗ ಕೂದಲೆಳೆಯಷ್ಟೇ ಇರುತ್ತದೆ.

ನನ್ನ ಲೆಕ್ಕಕ್ಕೆ ಲೂಪಿನ ದೊಡ್ಡ ಗುಣ ಧ್ವನಿ ಏರಿಸುವುದಲ್ಲ, ಬೇಡದ್ದನ್ನು ಅಳಿಸುವುದು. ಚೌಕಟ್ಟಿನ ಅಂಚು ಯಾವ ಕಡೆ ನೋಡುತ್ತದೋ ಆ ಕಡೆಯದು ಜೋರು, ಅಗಲದ ಮುಖ ನೋಡುವ ಕಡೆಯದು ಮಾಯ. ಹೊಸನಗರದಿಂದ ಭದ್ರಾವತಿ ಹೆಚ್ಚುಕಡಿಮೆ ನೇರ ಪೂರ್ವ, ಧಾರವಾಡ ನೇರ ಉತ್ತರ. ಅಂಚನ್ನು ಉತ್ತರಕ್ಕೆ ಮಾಡಿದರೆ ಧಾರವಾಡ ಏರುವಾಗಲೇ ಹತ್ತಿರದ ಭದ್ರಾವತಿ ತಗ್ಗುತ್ತದೆ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಕೋನ ಬೇರೆ, ನಕ್ಷೆ ನೋಡಿ ತಿರುಗಿಸಿಕೊಳ್ಳಿ.

ಸದ್ದನ್ನೂ ಹೀಗೇ ಅಳಿಸಬಹುದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆರಿಸಿ ಸದ್ದಿನ ಮೂಲ ಯಾವುದೆಂದು ನೋಡಿ, ಅದರತ್ತ ಅಗಲದ ಮುಖ ತಿರುಗಿಸಿ. ಸುಮಾರು ಸೆಕೆಂಡಿಗೊಂದು 'ಟಕ್' ಕೇಳಿದರೆ ಅದು ತೋಟದ ಕರೆಂಟು ಬೇಲಿ. ತಂತಿಗೆ ಹುಲ್ಲು, ಬಳ್ಳಿ ತಾಗಿದಲ್ಲಿ ಕಿಡಿ ಹಾರುತ್ತಿರುತ್ತದೆ. ಅದನ್ನು ಸವರಿದರೆ ರೇಡಿಯೋಗೂ ಒಳ್ಳೆಯದು, ಬೇಲಿಗೂ ಒಳ್ಳೆಯದು. ತಗಡಿನ ಮಾಡಿನ ಕೆಳಗೆ ಲೂಪ್ ಸೋಲುತ್ತದೆ, ಹಂಚಿನ ಮಾಡಿಗೆ ಆ ತೊಂದರೆ ಇಲ್ಲ. ರಾತ್ರಿ ಧ್ವನಿ ತೇಲಿ ಮುಳುಗುವುದಕ್ಕೆ ಮಾತ್ರ ಇದರಲ್ಲಿ ಮದ್ದಿಲ್ಲ. ನೆಲದ ಅಲೆಯೂ ಆಕಾಶದಿಂದ ಮರಳುವ ಅಲೆಯೂ ಒಂದನ್ನೊಂದು ಕಡಿಯುವುದರಿಂದ ಅದು ಆಗುತ್ತದೆ.

ಡಿಜಿಟಲ್ ರೇಡಿಯೋ ಆದರೆ ಲೂಪನ್ನು ದೂರುವ ಮೊದಲು ಸ್ಟೆಪ್ 9 ಕಿಲೋಹರ್ಟ್ಸ್‌ಗೆ ಇದೆಯೇ ನೋಡಿ. 10ಕ್ಕೆ ಇದ್ದರೆ 670 ಆದಮೇಲೆ 680 ಬರುತ್ತದೆ, 675 ಸಿಗುವುದೇ ಇಲ್ಲ.