ಅಪ್ಪನ ತಪ್ಪಿಗೆ ಮಗನ ಲೈಸೆನ್ಸ್ ಬ್ಲಾಕ್ ಮಾಡಿದ್ದು

ನಾನು ಗಾಳ ಹಾಕಿದ್ದು ಜೀವನದಲ್ಲಿ ಒಂದೇ ಸಲ, ಮದ್ದೂರಿನ ಹತ್ತಿರ ಮಾವನ ಊರಿನ ಕೆರೆಯಲ್ಲಿ. ಸಿಕ್ಕಿದ್ದು ಎರಡು ಜಿಲೇಬಿ ಮೀನು. ಆದರೂ ಆರು ವರ್ಷ ಮಾರತ್ತಹಳ್ಳಿಯ ಆಫೀಸಿನಲ್ಲಿ ಕೂತು, ಅಮೆರಿಕದ ಒಂದು ರಾಜ್ಯ ಮೀನಿನ ಲೈಸೆನ್ಸ್ ಮಾರುವ ಸಾಫ್ಟ್‌ವೇರನ್ನು ಟೆಸ್ಟ್ ಮಾಡಿದ್ದೇನೆ.

ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ. "ಶೋಕಿಗೆ ಮೀನು ಹಿಡಿಯೋಕೂ ಲೈಸೆನ್ಸಾ?" ಅಂದರು. ನಮ್ಮ ಕಡೆ ಕೆರೆಯ ಮೀನು ಟೆಂಡರ್ ಹಿಡಿದವರದ್ದು, ಇಲ್ಲಾ ಸಹಕಾರ ಸಂಘದ್ದು. ಸುಮ್ನೆ ಗಾಳ ಹಾಕಿ ಕೂತರೆ ಯಾರಾದರೂ ಬಂದು ಎಬ್ಬಿಸುತ್ತಾರೆ. ಅಲ್ಲಿ ಹಾಗಲ್ಲ. ಎರೆಹುಳು ಮಾರುವ ಅಂಗಡಿಯಲ್ಲೇ ಲೈಸೆನ್ಸ್ ಸಿಗುತ್ತದೆ, ಅಂಗಡಿಯವರಿಗೆ ಸ್ವಲ್ಪ ಕಮಿಷನ್. ಅವರ ಶನಿವಾರ ಬೆಳಗಿನ ಜಾವ 5 ಗಂಟೆ ಅಂದರೆ ನಮಗೆ ಮಧ್ಯಾಹ್ನ ಎರಡೂವರೆ. ನಮಗೆ ಟಿಕೆಟ್‌ಗಳು, ಅಂದರೆ ಸಿಸ್ಟಮ್ ಕೈಕೊಟ್ಟ ದೂರುಗಳು, ಸುರಿಯುತ್ತಿದ್ದದ್ದು ಆಗಲೇ. ವೀಕೆಂಡ್ ಅನ್ನೋದು ಮರೆತೇ ಹೋಗಿತ್ತು.

ಶುರುವಿನಲ್ಲಿ ನಾನು ಇದು ತಪ್ಪು ಅಂತ ಒಂದು ಬಗ್ ವರದಿ ಹಾಕಿದ್ದೆ: ಮೀನು ಹಿಡಿಯುವವನ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಯಾಕೆ ಕೇಳುತ್ತಿದ್ದೀರಿ, ತೆಗೆಯಿರಿ ಅಂತ. ಉತ್ತರ ಬಂತು, ಅದು ಕಾನೂನು. ಮಕ್ಕಳ ಜೀವನಾಂಶ ಕೊಡದೆ ತಪ್ಪಿಸಿಕೊಳ್ಳುವ ಅಪ್ಪಂದಿರನ್ನು ಹಿಡಿಯಲು 1990ರ ದಶಕದಲ್ಲಿ ತಂದ ನಿಯಮ. ಬಾಕಿ ಇಟ್ಟವನ ಮೀನಿನ ಲೈಸೆನ್ಸನ್ನೂ ತಡೆಹಿಡಿಯಬಹುದು. ಒಳ್ಳೆ ಉಪಾಯ ಅನ್ನಿಸಿತು.

ನಿಜವಾದ ತಲೆನೋವು ಬೇರೆ. ಅಲ್ಲಿ ರಾಡು, ರೀಲು ಮಾರಿದಾಗ ತಯಾರಕರು ಕಟ್ಟುವ ತೆರಿಗೆ ಕೇಂದ್ರ ಸರ್ಕಾರಕ್ಕೆ ಹೋಗಿ, ಮತ್ತೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 1950ರ ಕಾಯ್ದೆ ಅದು. ಹಂಚುವಾಗ ಶೇ. 60 ಭಾಗಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡವರ ಸಂಖ್ಯೆ ಆಧಾರ, ಶೇ. 40 ಭಾಗಕ್ಕೆ ರಾಜ್ಯದ ವಿಸ್ತೀರ್ಣ. ಎಣಿಸಬೇಕಾದದ್ದು ಲೈಸೆನ್ಸ್ ಅಲ್ಲ, ತಲೆ. ಒಬ್ಬನೇ ವರ್ಷಕ್ಕೆ ಹತ್ತು ಒಂದು ದಿನದ ಲೈಸೆನ್ಸ್ ತಗೊಂಡರೂ ಲೆಕ್ಕಕ್ಕೆ ಒಬ್ಬನೇ. ನಮ್ಮ ಡೇಟಾದಲ್ಲೋ ಒಬ್ಬನೇ ಮನುಷ್ಯ ನಾಲ್ಕು ಸ್ಪೆಲ್ಲಿಂಗ್‌ನಲ್ಲಿ ನಾಲ್ಕು ಜನ ಆಗಿದ್ದ.

ಹಾಗಾಗಿ ಡೂಪ್ಲಿಕೇಟ್ ರೆಕಾರ್ಡುಗಳನ್ನು ಸೇರಿಸಿ ಒಂದು ಮಾಡುವ ಕೆಲಸ ನನ್ನ ತಲೆಗೆ ಬಂತು. ಹೆಸರು, ವಿಳಾಸ, ಫೋನ್ ಮೂರೂ ಹೊಂದಿದರೆ ಒಬ್ಬನೇ ಅಂತ ರೂಲ್ ಬರೆದೆ. ಹಳೇ ಕಾಗದದಿಂದ ಟೈಪ್ ಮಾಡಿದ ರೆಕಾರ್ಡುಗಳಲ್ಲಿ ಹುಟ್ಟಿದ ತಾರೀಕು ಖಾಲಿ ಇತ್ತು. ಅದನ್ನು ಬಿಟ್ಟುಬಿಟ್ಟೆ. ಹೆಸರಿನ ಕೊನೆಯ 'ಜೂನಿಯರ್' ಅನ್ನೂ ಕಸ ಅಂದುಕೊಂಡು ತೆಗೆಸಿದೆ. ಸಂಖ್ಯೆ ನೀಟಾಗಿ ಇಳಿಯಿತು, ಮ್ಯಾನೇಜರ್ ಚಪ್ಪಾಳೆ ತಟ್ಟಿದರು.

ಸೀಸನ್ನಿನ ಮೊದಲ ಶನಿವಾರ ಟಿಕೆಟ್ ಬಂತು. ಅಂಗಡಿಯ ಕೌಂಟರಿನಲ್ಲಿ ಒಬ್ಬ ಹುಡುಗ ನಿಂತಿದ್ದಾನೆ, ಸಿಸ್ಟಮ್ 'ಅಮಾನತು' ಅನ್ನುತ್ತಿದೆ. ಅವನು ಏನೂ ಮಾಡಿರಲಿಲ್ಲ. ಮಿತಿಗಿಂತ ಜಾಸ್ತಿ ಮೀನು ಹಿಡಿದು ಲೈಸೆನ್ಸ್ ಕಳೆದುಕೊಂಡಿದ್ದವನು ಅವನ ಅಪ್ಪ. ಒಂದೇ ಹೆಸರು, ಒಂದೇ ಮನೆ, ಒಂದೇ ಲ್ಯಾಂಡ್‌ಲೈನ್. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡುತ್ತಾರೆ, ಅಷ್ಟು ಹೊತ್ತಿಗೆ ತಾತ ಗಾಳ ಬಿಟ್ಟು ಜಗಲಿ ಹಿಡಿದಿರುತ್ತಾರೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನ ಹೆಸರೇ ಮಗನಿಗೆ, ಕೊನೆಗೊಂದು 'ಜೂನಿಯರ್' ಅಷ್ಟೇ, ಇಬ್ಬರೂ ಒಟ್ಟಿಗೇ ಮೀನಿಗೆ ಹೋಗುತ್ತಾರೆ! ಇದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಭಯವೂ ಇತ್ತು. ಒಪ್ಪಂದ ಮಾಡಿಕೊಂಡ ರಾಜ್ಯಗಳು ಅಮಾನತಿನ ಪಟ್ಟಿ ಹಂಚಿಕೊಳ್ಳುತ್ತವೆ. ಆ ಹುಡುಗನಿಗೆ ಪಕ್ಕದ ರಾಜ್ಯದಲ್ಲೂ ಬಾಗಿಲು ಮುಚ್ಚಬಹುದಿತ್ತು.

ಸೇರಿಸಿದ್ದನ್ನು ಬಿಡಿಸುವ ದಾರಿಯನ್ನೇ ನಾವು ಇಟ್ಟಿರಲಿಲ್ಲ. ಬ್ಯಾಕಪ್ ತೆಗೆದು ಬೇರ್ಪಡಿಸಲು ನಾಲ್ಕು ದಿನ ಹಿಡಿಯಿತು. ಅವನ ಮೊದಲ ವೀಕೆಂಡ್ ಹೋಯಿತು.

ಆಮೇಲೆ ರೂಲ್ ಬದಲಾಯಿಸಿದೆ. ಹುಟ್ಟಿದ ತಾರೀಕು ಇಲ್ಲದಿದ್ದರೆ ಮಷೀನು ಸೇರಿಸುವ ಹಾಗಿಲ್ಲ, ಮನುಷ್ಯನೇ ನೋಡಬೇಕು. ಅಮಾನತು ಇರುವ ರೆಕಾರ್ಡನ್ನಂತೂ ಇಬ್ಬರು ನೋಡಬೇಕು. ಇದರಿಂದ ಕೈಯಲ್ಲಿ ನೋಡುವ ಪಟ್ಟಿ ಉದ್ದವಾಯಿತು, ಟೀಮ್ ಗೊಣಗಿತು. ಗೊಣಗಲಿ ಬಿಡಿ.

ಈಗಲೂ ನಮ್ಮ ಟೆಸ್ಟ್ ಡೇಟಾದಲ್ಲಿ ಇಬ್ಬರು ಕೆಂಪಯ್ಯ ಇದ್ದಾರೆ. ಒಂದೇ ಮನೆ, ಒಂದೇ ಫೋನ್. ದೊಡ್ಡ ಕೆಂಪಯ್ಯ ಅಮಾನತು, ಚಿಕ್ಕ ಕೆಂಪಯ್ಯನಿಗೆ ಲೈಸೆನ್ಸ್ ಪ್ರಿಂಟ್ ಆಗಬೇಕು. ಹೊಸ ವರ್ಷನ್ ಯಾವುದೇ ಬಂದರೂ ಮೊದಲು ಕೌಂಟರಿಗೆ ಹೋಗುವವನು ಅವನೇ.